ಗಂಗಾಮೂಲದಿಂದ ಕೇಡಗಾಂವಿಗೆ: ಪಂಡಿತಾ ರಮಾಬಾಯಿ

ಈ ಸಲದ ಇ-ಸ್ಮರಣ ಸಂಚಿಕೆಗೆ ನಮ್ಮ ನಾಡಿನ ಒಬ್ಬ ಹಿರಿಯ ಮಹಿಳೆಯ ಬಗ್ಗೆ ಬರೆದುಕೊಡಿ ಎಂದು ಮಹಿಳಾ ವೇದಿಕೆಯವರು ಕೇಳಿದಾಗ ನನಗೆ ಮೊದಲು ಹೊಳೆದ ಹೆಸರು ಅಕ್ಕಮಹಾದೇವಿ, ಆಮೇಲೆ ರಾಣಿ ಅಬ್ಬಕ್ಕ. ಕೊನೆಗೆ ಬರೆದದ್ದು ಪಂಡಿತಾ ರಮಾಬಾಯಿಯ ಬಗ್ಗೆ. ಅದಕ್ಕೆ ಕಾರಣ ಕೊಚ್ಚಿಯಲ್ಲಿ ನೋಡಿದ ಒಂದು ಮದುವೆ.

ನಾವು ಕೊಚ್ಚಿಗೆ ಬಂದು ಇಪ್ಪತ್ತೇಳು ವರ್ಷವಾಯಿತು. ನಮ್ಮ ಮನೆಗೆ ಕೆಲಸಕ್ಕೆ ಬರುವ ಚೇಚಿ ಪೆಂತೆಕೋಸ್ತ್ ಸಭೆಯವರು. ಬಿಳಿ ಸೀರೆ, ಬರಿಗೈ, ಬರಿಗೊರಳು. ಭಾನುವಾರ ಮಾತ್ರ ಯಾರು ಕರೆದರೂ ಕೆಲಸಕ್ಕೆ ಬರುವವರಲ್ಲ. ಎರಡು ವರ್ಷದ ಹಿಂದೆ ಅವರ ಮಗಳ ಮದುವೆಗೆ ಹೋಗಿದ್ದೆ. ಮದುಮಗಳ ಮೈಮೇಲೆ ಗುಂಜಿ ಬಂಗಾರವಿಲ್ಲ, ಕೊರಳಿಗೆ ತಾಳಿಯೂ ಇಲ್ಲ. ಕೇರಳದ ಮದುವೆಗಳಲ್ಲಿ ಒಡವೆಯ ಭಾರಕ್ಕೆ ಕುತ್ತಿಗೆ ಬಗ್ಗಿದ ವಧುಗಳನ್ನು ನೋಡಿ ಅಭ್ಯಾಸವಾಗಿದ್ದ ನನಗೆ ಅದೇ ಒಂದು ಆಶ್ಚರ್ಯ. ಇನ್ನೊಂದು ಆಶ್ಚರ್ಯ ಪಾಸ್ಟರರ ಉಪದೇಶದಲ್ಲಿತ್ತು. ತಮ್ಮ ಸಭೆಗಳ ಇತಿಹಾಸ ಹೇಳುತ್ತಾ ಅವರು, ಈ ಬೆಂಕಿ ಕೇರಳಕ್ಕೆ ಬರುವುದಕ್ಕಿಂತ ಮೊದಲೇ ಮಹಾರಾಷ್ಟ್ರದ ಮುಕ್ತಿ ಎಂಬಲ್ಲಿ ಹೆಣ್ಣುಮಕ್ಕಳ ನಡುವೆ ಹೊತ್ತಿಕೊಂಡಿತ್ತು, ಆ ಮನೆಯ ಒಡತಿ ಕರ್ನಾಟಕದ ಘಟ್ಟದಲ್ಲಿ ಹುಟ್ಟಿದ ಬ್ರಾಹ್ಮಣ ವಿಧವೆ ರಮಾಬಾಯಿ ಎಂದರು.

ನಾನು ಕುರ್ಚಿಯಲ್ಲೇ ನೆಟ್ಟಗಾದೆ. ನಮ್ಮೂರು ಕಾರ್ಕಳ ತಾಲ್ಲೂಕಿನ ಮಾಳ. ಮನೆಮಾತು ಚಿತ್ಪಾವನಿ, ಶಾಲೆಯಲ್ಲಿ ಕಲಿತದ್ದು ಕನ್ನಡ. ರಮಾಬಾಯಿಯ ತಂದೆ ಅನಂತಶಾಸ್ತ್ರಿ ಡೋಂಗ್ರೆಯವರೂ ಮಾಳದವರೇ. ಹೆಸರು ಕೇಳಿದ್ದೆ, ಅಷ್ಟೇ. ನಮ್ಮ ಮನೆಯಲ್ಲಿ ಹಿರಿಯರು ಆ ಸುದ್ದಿ ಬಂದರೆ ಮಾತು ಬದಲಿಸುತ್ತಿದ್ದರು. ಮತಾಂತರವಾದವಳು ಎನ್ನುವ ಒಂದು ಪದದಲ್ಲಿ ಅವರ ಕಥೆ ಮುಗಿದುಹೋಗುತ್ತಿತ್ತು. ಮುಂದೆ ಮಗಳನ್ನು ನೋಡಲು ತಿರುವನಂತಪುರಕ್ಕೆ ಹೋದಾಗಲೆಲ್ಲ ಪಾಳಯದ ಸ್ಟೇಟ್ ಸೆಂಟ್ರಲ್ ಲೈಬ್ರರಿಯಲ್ಲಿ ಕುಳಿತು ಸಿಕ್ಕಿದ್ದನ್ನು ಓದಿದೆ. ಓದುತ್ತಾ ಹೋದಂತೆ ನಮ್ಮ ಮನೆಯಲ್ಲಿದ್ದ ಒಬ್ಬ ಅಜ್ಜಿಯ ನೆನಪು ಬಿಡದೆ ಕಾಡಿತು. ಅವರ ವಿಷಯ ಕೊನೆಗೆ ಹೇಳುತ್ತೇನೆ.

ಅನಂತಶಾಸ್ತ್ರಿಗಳು ಚಿಕ್ಕಂದಿನಲ್ಲಿ ವಿದ್ಯೆಗಾಗಿ ಪುಣೆಗೆ ಹೋಗಿದ್ದರು. ಅವರ ಗುರುಗಳು ಪೇಶ್ವೆ ಎರಡನೇ ಬಾಜೀರಾಯನ ಅರಮನೆಯಲ್ಲಿ ರಾಣಿಗೆ ಸಂಸ್ಕೃತ ಹೇಳಿಕೊಡುತ್ತಿದ್ದವರು. ಹೆಂಗಸೊಬ್ಬಳು ಶ್ಲೋಕ ಹೇಳುವುದನ್ನು ಕೇಳಿದ ಹುಡುಗನಿಗೆ, ತನ್ನ ಹೆಂಡತಿಗೂ ಹೀಗೆಯೇ ಕಲಿಸಬೇಕು ಎಂಬ ಆಸೆ ಹುಟ್ಟಿತು. ಮೊದಲ ಹೆಂಡತಿಯ ವಿಷಯದಲ್ಲಿ ಮನೆಯವರು ಒಪ್ಪಲಿಲ್ಲ. ಆಕೆ ತೀರಿಕೊಂಡ ಮೇಲೆ ನಲವತ್ತು ದಾಟಿದ ಶಾಸ್ತ್ರಿಗಳಿಗೆ ಒಂಬತ್ತು ವರ್ಷದ ಹುಡುಗಿಯನ್ನು ಕೊಟ್ಟರು. ತೀರ್ಥಯಾತ್ರೆಯಲ್ಲಿದ್ದ ತಂದೆ ಗೋದಾವರಿ ತೀರದಲ್ಲಿ ಹಿಂದಿನ ದಿನವಷ್ಟೇ ಪರಿಚಯವಾದವರಿಗೆ ಮಗಳನ್ನು ಧಾರೆಯೆರೆದು ಮುಂದೆ ಹೊರಟುಹೋದರು. ಆ ಹುಡುಗಿಯೇ ಲಕ್ಷ್ಮೀಬಾಯಿ, ರಮಾಬಾಯಿಯ ತಾಯಿ. ಇಂದು ಓದಿದರೆ ಎದೆ ಝಲ್ಲೆನ್ನುತ್ತದೆ. ಆದರೆ ಆ ಮದುವೆಯೊಳಗೇ ಒಂದು ಹೊಸ ಬಾಗಿಲು ತೆರೆಯಿತು. ಶಾಸ್ತ್ರಿಗಳು ಲಕ್ಷ್ಮೀಬಾಯಿಗೆ ಸಂಸ್ಕೃತ ಕಲಿಸಿದರು. ಊರಿನಲ್ಲಿ ಗದ್ದಲವಾಯಿತು. ಉಡುಪಿಯಲ್ಲಿ ಪಂಡಿತರ ಸಭೆಯ ಮುಂದೆ ನಿಂತು, ಹೆಂಗಸರು ಓದಬಾರದೆಂದು ಶಾಸ್ತ್ರದಲ್ಲಿ ಎಲ್ಲಿಯೂ ಇಲ್ಲ ಎಂದು ಗ್ರಂಥಗಳ ಆಧಾರದಿಂದಲೇ ವಾದಿಸಿದರು. ಬಳಿಕ ಊರ ತಂಟೆಯೇ ಬೇಡವೆಂದು ಘಟ್ಟ ಹತ್ತಿ ಗಂಗಾಮೂಲದ ಕಾಡಿನಲ್ಲಿ ಮನೆ ಕಟ್ಟಿದರು.

ಗಂಗಾಮೂಲ ಎಂದರೆ ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಜಾಗ. ಕುದುರೆಮುಖದ ದಾರಿಯಲ್ಲಿ ಹೋದವರಿಗೆಲ್ಲ ಗೊತ್ತು. ಅಲ್ಲಿ 1858ರ ಏಪ್ರಿಲ್ 23ರಂದು ರಮಾ ಹುಟ್ಟಿದಳು. ಅನ್ನದಾನ, ವಿದ್ಯಾದಾನ ಮಾಡುತ್ತಾ ಶಾಸ್ತ್ರಿಗಳ ಕೈ ಬರಿದಾಗಿತ್ತು. ಮಗುವಿಗೆ ಆರು ತಿಂಗಳಾದಾಗ ಸಂಸಾರ ಯಾತ್ರೆಗೆ ಹೊರಟಿತು. ರಮೆಯನ್ನು ಬೆತ್ತದ ಬುಟ್ಟಿಯಲ್ಲಿಟ್ಟು ಆಳಿನ ತಲೆಯ ಮೇಲೆ ಹೊರಿಸಿ ಘಟ್ಟ ಇಳಿಸಿದರಂತೆ. ಅಲ್ಲಿಂದ ಮುಂದೆ ಅವರಿಗೆ ಮನೆ ಅಂತ ಇರಲಿಲ್ಲ. ದೇವಸ್ಥಾನದ ಜಗಲಿಗಳಲ್ಲಿ ಪುರಾಣ ಹೇಳುವುದು, ಕೇಳಿದವರು ಕೊಟ್ಟದ್ದರಲ್ಲಿ ಬದುಕುವುದು. ಯಾತ್ರೆಯ ನಡುವೆಯೇ ತಾಯಿ ಮಗಳಿಗೆ ಪಾಠ ಮಾಡಿದರು. ಹದಿನೈದು ತುಂಬುವಷ್ಟರಲ್ಲಿ ಭಾಗವತದ ಹದಿನೆಂಟು ಸಾವಿರ ಶ್ಲೋಕ ಆಕೆಯ ಬಾಯಲ್ಲಿದ್ದವು. ಮಗಳಿಗೆ ಬಾಲ್ಯವಿವಾಹ ಮಾಡಲು ಶಾಸ್ತ್ರಿಗಳು ಒಪ್ಪಲಿಲ್ಲ.

1870ರ ದಶಕದ ಬರಗಾಲ ಈ ಕುಟುಂಬವನ್ನು ನುಂಗಿತು. ಕೂಲಿ ಮಾಡಿ ಗೊತ್ತಿಲ್ಲ, ಬೇಡಲು ನಾಚಿಕೆ. ಪಾತ್ರೆ, ಬಟ್ಟೆ, ಒಡವೆ ಎಲ್ಲ ಮಾರಿ ಮುಗಿದ ಮೇಲೆ ತಿರುಪತಿ ಕಡೆಯ ಕಾಡಿನಲ್ಲಿ ಎಲೆ ತಿಂದು, ನೀರು ಕುಡಿದು ದಿನ ಕಳೆದರು. ತಂದೆ ಅಲ್ಲಿಯೇ ಹೋದರು. ಕೆಲವೇ ದಿನಗಳಲ್ಲಿ ನಮ್ಮ ರಾಯಚೂರಿನಲ್ಲಿ ತಾಯಿ ಜ್ವರದಿಂದ ತೀರಿಕೊಂಡರು. ಹೆಣ ಹೊರಲು ಜನ ಸಿಗಲಿಲ್ಲ. ಬಹಳ ಹೊತ್ತಿನ ಮೇಲೆ ಇಬ್ಬರು ಬಂದರು, ಮೂರನೆಯವನು ಅಣ್ಣ, ನಾಲ್ಕನೆಯವಳು ರಮೆ. ಆಕೆ ಗಿಡ್ಡ. ಚಟ್ಟ ಹೆಗಲಿಗೆ ಎಟಕದೆ ತಲೆಯ ಮೇಲೆ ಹೊತ್ತಳು. ಆಗ ಆಕೆಗೆ ಹದಿನಾರು ವರ್ಷ. ಅಕ್ಕ ಕೃಷ್ಣಾಬಾಯಿಯೂ ಸ್ವಲ್ಪ ಕಾಲದಲ್ಲೇ ಹೋದಳು.

ಉಳಿದದ್ದು ಅಣ್ಣ ಶ್ರೀನಿವಾಸ ಮತ್ತು ರಮಾ. ಇಬ್ಬರೂ ಸಾವಿರಾರು ಮೈಲಿ ನಡೆದರು. ಕಾಶ್ಮೀರದವರೆಗೆ ಹೋಗಿ ಬಂದು 1878ರಲ್ಲಿ ಕಲ್ಕತ್ತೆ ಸೇರಿದರು. ಅಲ್ಲಿಯ ವಿದ್ವಾಂಸರು ಇಪ್ಪತ್ತರ ಈ ಹುಡುಗಿಯನ್ನು ಪರೀಕ್ಷಿಸಿ, ಬೆರಗಾಗಿ, ಪಂಡಿತಾ, ಸರಸ್ವತಿ ಎಂಬ ಬಿರುದುಗಳನ್ನು ಕೊಟ್ಟರು. ಕಲ್ಕತ್ತೆಯ ಮನೆಗಳಲ್ಲಿ ಹೆಂಗಸರಿಗೆ ಧರ್ಮಶಾಸ್ತ್ರದ ಮೇಲೆ ಉಪನ್ಯಾಸ ಮಾಡಬೇಕೆಂದು ಕೇಳಿದಾಗ ಆಕೆ ಆ ಗ್ರಂಥಗಳನ್ನು ಕೂಲಂಕಷವಾಗಿ ಓದಿದಳು. ಹೆಣ್ಣಿಗೆ ಸ್ವಂತ ಮೋಕ್ಷವಿಲ್ಲ, ಗಂಡನೇ ಗತಿ ಎಂಬ ಮಾತು ಎಲ್ಲ ಕಡೆ ಬರುವುದನ್ನು ಕಂಡು ಮನಸ್ಸು ಕಹಿಯಾಯಿತು. ಸಂಶಯದ ಬೀಜ ಬಿದ್ದದ್ದು ಮಿಷನರಿಗಳಿಂದಲ್ಲ, ತಾನೇ ಸಂಸ್ಕೃತದಲ್ಲಿ ಓದಿದ್ದರಿಂದ. ಈ ಮಾತು ನನಗೆ ಮುಖ್ಯವೆನಿಸಿತು.

1880ರಲ್ಲಿ ಅಣ್ಣನೂ ಢಾಕಾದಲ್ಲಿ ತೀರಿಹೋದ. ಅದೇ ವರ್ಷ ಅವನ ಸ್ನೇಹಿತ, ವಕೀಲ ಬಿಪಿನ್ ಬಿಹಾರಿ ದಾಸ್ ಮೇಧಾವಿಯವರನ್ನು ಜಾತಿ ಮೀರಿ ರಿಜಿಸ್ಟರ್ ಮದುವೆಯಾದಳು. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾ ಬಂದು ತೀರಿಕೊಂಡರು. ಇಪ್ಪತ್ತಮೂರರ ವಿಧವೆ, ಕಂಕುಳಲ್ಲಿ ಹತ್ತು ತಿಂಗಳ ಕೂಸು, ತವರಿಲ್ಲ, ಅತ್ತೆಮನೆಯಿಲ್ಲ. ಆದರೆ ತಲೆಯಲ್ಲಿ ವಿದ್ಯೆ ಇತ್ತು.

ಆ ವಿದ್ಯೆಯ ಬಲದಿಂದ ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಶಿಕ್ಷಣದ ಬಗ್ಗೆ ಸರಕಾರ ನೇಮಿಸಿದ ಹಂಟರ್ ಆಯೋಗದ ಮುಂದೆ, ಹೆಣ್ಣುಮಕ್ಕಳಿಗೆ ಮಹಿಳಾ ಶಿಕ್ಷಕಿಯರು ಬೇಕು, ಮಹಿಳಾ ವೈದ್ಯರು ಬೇಕು ಎಂದು ಸಾಕ್ಷ್ಯ ಹೇಳಿದರು. ತಾವೇ ವೈದ್ಯೆಯಾಗಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೋದರು. ಕಿವಿ ಮಂದವಾಗುತ್ತಿದ್ದುದರಿಂದ ಅದು ಕೈಗೂಡಲಿಲ್ಲ. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ವಾಂಟೇಜ್ ಎಂಬ ಊರಿನ ಸನ್ಯಾಸಿನಿಯರ ಮಠದಲ್ಲಿ ಮಗಳೊಂದಿಗೆ ದೀಕ್ಷಾಸ್ನಾನ ಪಡೆದರು. ಸಮಾಜ ಬಿದ್ದುಹೋದವರು ಎಂದು ದೂರವಿಟ್ಟ ಹೆಂಗಸರಿಗೆ ಆ ಸನ್ಯಾಸಿನಿಯರು ಆಶ್ರಯ ಕೊಟ್ಟು ಹೊಸ ಬದುಕು ಕಟ್ಟಿಕೊಡುತ್ತಿದ್ದುದು ಅವರ ಮನಸ್ಸನ್ನು ತಿರುಗಿಸಿತು. ಆದರೆ ಮತ ಬದಲಾಯಿಸಿದ ಮಾತ್ರಕ್ಕೆ ಅವರು ಯಾರಿಗೂ ತಲೆಬಾಗಲಿಲ್ಲ. ಚರ್ಚಿನ ಹಿರಿಯರೊಂದಿಗೂ ಪ್ರಶ್ನೆ ಕೇಳಿ ಜಗಳವಾಡಿದರು. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ, ಮೊಟ್ಟೆ ಹಾಕಿದ ತಿಂಡಿ ಕೂಡ ಮುಟ್ಟಲಿಲ್ಲ.

1886ರಲ್ಲಿ ತಮ್ಮ ಬಂಧು ಆನಂದಿಬಾಯಿ ಜೋಶಿ ಫಿಲಡೆಲ್ಫಿಯಾದಲ್ಲಿ ಡಾಕ್ಟರ್ ಪದವಿ ಪಡೆಯುವುದನ್ನು ನೋಡಲು ಅಮೆರಿಕಕ್ಕೆ ಹೋದವರು ಅಲ್ಲಿಯೇ ಎರಡು ವರ್ಷಕ್ಕೂ ಮಿಕ್ಕಿ ಉಳಿದರು. ಊರೂರು ತಿರುಗಿ ಉಪನ್ಯಾಸ ಮಾಡಿ, ಉಚ್ಚಜಾತಿಯ ಹಿಂದೂ ಹೆಣ್ಣಿನ ಸ್ಥಿತಿಯ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದು, ಭಾರತದ ವಿಧವೆಯರಿಗೆ ಒಂದು ಶಾಲೆ ಕಟ್ಟಲು ಹಣ ಕೂಡಿಸಿದರು. 1889ರ ಮಾರ್ಚ್ 11ರಂದು ಮುಂಬಯಿಯ ಚೌಪಾಟಿಯಲ್ಲಿ ಶಾರದಾ ಸದನ ಶುರುವಾಯಿತು. ಮರುವರ್ಷ ಪುಣೆಗೆ ಬಂತು. ಅಲ್ಲಿಯ ಮೊದಲ ವಿಧವೆ ವಿದ್ಯಾರ್ಥಿನಿ ಗೋದೂಬಾಯಿ. ಮುಂದೆ 1893ರಲ್ಲಿ ಅವರನ್ನು ಮಹರ್ಷಿ ಕರ್ವೆಯವರು ಮದುವೆಯಾದರು. ಮುಂಬಯಿಯ ಎಸ್.ಎನ್.ಡಿ.ಟಿ. ವಿಶ್ವವಿದ್ಯಾಲಯ ಕಟ್ಟಿದ ಕರ್ವೆಯವರೇ.

ಶಾರದಾ ಸದನ ಯಾವ ಮತದ ಪ್ರಚಾರಕ್ಕೂ ಅಲ್ಲ ಎಂದು ಮಾತಾಗಿತ್ತು. ಹುಡುಗಿಯರಿಗೆ ಅವರವರ ಆಚಾರದಂತೆ ಇರಲು ಅವಕಾಶವಿತ್ತು. ಆದರೆ ರಮಾಬಾಯಿಯವರು ಪ್ರಾರ್ಥನೆ ಮಾಡುವ ಕೋಣೆಯ ಬಾಗಿಲು ತೆರೆದಿರುತ್ತಿತ್ತು, ಮನಸ್ಸಿದ್ದವರು ಬಂದು ಕೂರಬಹುದಿತ್ತು. ಕೆಲವರು ಬಂದು ಕೂತರು. ಪುಣೆಯಲ್ಲಿ ದೊಡ್ಡ ಕೋಲಾಹಲವಾಯಿತು, ತಿಲಕರ ಕೇಸರಿ ಪತ್ರಿಕೆ ಕಟುವಾಗಿ ಬರೆಯಿತು. 1893ರಲ್ಲಿ ಸಲಹಾ ಮಂಡಳಿಯಲ್ಲಿದ್ದ ರಾನಡೆ, ಭಂಡಾರ್ಕರ್ ಮೊದಲಾದವರು ರಾಜೀನಾಮೆ ಕೊಟ್ಟರು. ಸುಮಾರು ಇಪ್ಪತ್ತೈದು ಹುಡುಗಿಯರನ್ನು ಮನೆಯವರು ಕರೆದೊಯ್ದರು. ಇದರಲ್ಲಿ ಯಾರದು ಸರಿ? ಮಕ್ಕಳನ್ನು ನಂಬಿಕೆಯಿಂದ ಕಳಿಸಿದ ತಂದೆತಾಯಿಯರ ಆತಂಕ ಸುಳ್ಳಲ್ಲ ಎಂದು ನನಗನಿಸುತ್ತದೆ. ಹಾಗೆಯೇ ವಾಪಸು ಹೋದ ಆ ಹುಡುಗಿಯರ ಗತಿ ಏನಾಯಿತು ಎಂಬ ಪ್ರಶ್ನೆಯೂ ಬಿಡುವುದಿಲ್ಲ. ತಲೆ ಬೋಳಿಸಬಾರದು ಎಂದು 1889ರ ಸಾಮಾಜಿಕ ಪರಿಷತ್ತಿನಲ್ಲಿ ಎದ್ದುನಿಂತು ಹೇಳಿದವರು ಇದೇ ರಮಾಬಾಯಿ.

ಆಮೇಲಿನ ರಮಾಬಾಯಿ ಯಾವುದನ್ನೂ ಮುಚ್ಚಿಡಲಿಲ್ಲ. 1896-97ರಲ್ಲಿ ಮಧ್ಯಪ್ರಾಂತ್ಯದಲ್ಲಿ ಬರ ಬಿದ್ದಾಗ, ತಾವು ಕಾಡಿನಲ್ಲಿ ಎಲೆ ತಿಂದ ದಿನಗಳನ್ನು ನೆನೆದು ಅಲ್ಲಿಗೆ ಧಾವಿಸಿದರು. ಹೊಟ್ಟೆ ಬೆನ್ನಿಗೆ ಅಂಟಿದ ಮುನ್ನೂರರಷ್ಟು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಿಂದ ಐವತ್ತೈದು ಕಿಲೋಮೀಟರಿನಷ್ಟು ದೂರದ ಕೇಡಗಾಂವಿನಲ್ಲಿ ಬಯಲು ಜಾಗ ಕೊಂಡಿದ್ದರು. ಅಲ್ಲಿ ಎದ್ದದ್ದೇ ಮುಕ್ತಿ ಸದನ. 1900ರ ಗುಜರಾತ್ ಬರಗಾಲದ ನಂತರ ಅಲ್ಲಿ ಎರಡು ಸಾವಿರದಷ್ಟು ಜನರಿದ್ದರು. ಬಾವಿ ತೋಡಿದರು, ತೋಟ ಮಾಡಿದರು, ಹೈನು, ನೇಯ್ಗೆ, ಎಣ್ಣೆ ಗಾಣ, ಅಚ್ಚುಕೂಟ ನಡೆಸಿದರು. ಅಚ್ಚಿನ ಮೊಳೆ ಜೋಡಿಸುವುದರಿಂದ ಹಿಡಿದು ಪುಸ್ತಕ ಹೊಲಿಯುವವರೆಗೆ ಎಲ್ಲ ಹೆಂಗಸರದೇ ಕೈ. ಕುರುಡು ಹುಡುಗಿಯರಿಗೆ ಬ್ರೈಲ್ ಕಲಿಸಿದರು. ಜಾತಿ ಕೇಳಲಿಲ್ಲ, ಹಿಂದಿನ ಬದುಕು ಕೇಳಲಿಲ್ಲ.

ಪಾಸ್ಟರರು ಹೇಳಿದ ಬೆಂಕಿಯ ಕಥೆ ಇಲ್ಲಿಂದ ಬರುತ್ತದೆ. 1904ರಲ್ಲಿ ವೇಲ್ಸ್ ದೇಶದಲ್ಲಿ ಕ್ರೈಸ್ತರ ನಡುವೆ ದೊಡ್ಡ ಉಜ್ಜೀವನವಾದ ಸುದ್ದಿ ಕೇಳಿ, 1905ರ ಜನವರಿಯಲ್ಲಿ ರಮಾಬಾಯಿ ಬೆಳಗಿನ ಪ್ರಾರ್ಥನೆಗೆ ಒಂದು ಗುಂಪು ಮಾಡಿದರು. ಎಪ್ಪತ್ತು ಜನರಿಂದ ಶುರುವಾದದ್ದು ಜೂನ್ ಹೊತ್ತಿಗೆ ಐನೂರೈವತ್ತಕ್ಕೆ ಏರಿತು. ಆ ತಿಂಗಳ ಕೊನೆಯಲ್ಲಿ ಒಂದು ದಿನ ಬೆಳಗಿನ ಜಾವ ಹುಡುಗಿಯರು ಮಲಗುವ ಕೋಣೆಯಲ್ಲಿ ಒಬ್ಬಳು ಎದ್ದು ಗಟ್ಟಿಯಾಗಿ ಪ್ರಾರ್ಥಿಸತೊಡಗಿದಳು. ಅವಳ ಮೈಮೇಲೆ ಬೆಂಕಿ ಕಂಡಂತಾಗಿ ಪಕ್ಕದವಳು ಓಡಿಹೋಗಿ ಬಕೆಟ್ಟಿನಲ್ಲಿ ನೀರು ತಂದಳಂತೆ. ಸುರಿಯುವ ಮೊದಲು ನೋಡಿದರೆ ಬೆಂಕಿ ಇರಲಿಲ್ಲ. ನಂಬುವವರು ನಂಬಲಿ, ಬಿಡುವವರು ಬಿಡಲಿ. ಆ ಬಕೆಟ್ ತಂದ ಹುಡುಗಿ ಮಾತ್ರ ನನ್ನ ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ. ಆಮೇಲೆ ಅಳು, ಹಾಡು, ಎಲ್ಲರೂ ಒಟ್ಟಿಗೆ ಗಟ್ಟಿಯಾಗಿ ಪ್ರಾರ್ಥಿಸುವುದು, 1906ರ ಕೊನೆಗೆ ಅನ್ಯಭಾಷೆಯಲ್ಲಿ ಮಾತನಾಡುವುದೂ ಕಾಣಿಸಿಕೊಂಡಿತು. ಪೆಂತೆಕೋಸ್ತ್ ಪಂಥದ ಹುಟ್ಟುಸ್ಥಳವೆಂದು ಜಗತ್ತು ಹೆಸರಿಸುವ ಲಾಸ್ ಏಂಜಲೀಸಿನ ಅಜೂಸಾ ಬೀದಿಯ ಕೂಟಗಳು ಶುರುವಾದದ್ದು 1906ರ ಏಪ್ರಿಲ್‌ನಲ್ಲಿ. ಮುಕ್ತಿಯ ಆ ರಾತ್ರಿ ಅದಕ್ಕಿಂತ ಹತ್ತು ತಿಂಗಳು ಹಿಂದಿನದು.

ಹೊರಗಿನ ಪಾದ್ರಿಗಳಲ್ಲಿ ಕೆಲವರಿಗೆ ಈ ಗದ್ದಲ ಹಿಡಿಸಲಿಲ್ಲ. ಭಾರತದ ಹೆಣ್ಣುಮಕ್ಕಳು ದೇವರನ್ನು ತಮ್ಮ ರೀತಿಯಲ್ಲಿ ಕರೆಯಲಿ, ಪಾಶ್ಚಾತ್ಯರ ಶಿಸ್ತನ್ನು ಅವರ ಮೇಲೆ ಹೇರಬಾರದು ಎಂಬುದು ರಮಾಬಾಯಿಯವರ ನಿಲುವು. ತಾವು ಅನ್ಯಭಾಷೆಯಲ್ಲಿ ಮಾತನಾಡಲಿಲ್ಲ, ಮಾತನಾಡುವವರನ್ನು ತಡೆಯಲೂ ಇಲ್ಲ. ಅವರ ಜೊತೆಗಿದ್ದ ಅಮೆರಿಕದ ಮಿನ್ನಿ ಅಬ್ರಾಮ್ಸ್ ಈ ಅನುಭವದ ಮೇಲೆ 1906ರಲ್ಲಿ ಒಂದು ಪುಸ್ತಕ ಬರೆದು, ಚಿಲಿ ದೇಶದಲ್ಲಿದ್ದ ತನ್ನ ಹಳೆಯ ಗೆಳತಿಗೆ ಕಳಿಸಿದಳು. ಅದನ್ನು ಓದಿದವರಿಂದ 1909ರಲ್ಲಿ ಚಿಲಿಯ ಪೆಂತೆಕೋಸ್ತ್ ಸಭೆ ಹುಟ್ಟಿತು. ಕೇಡಗಾಂವಿನ ಅನಾಥೆಯರ ಪ್ರಾರ್ಥನೆ ದಕ್ಷಿಣ ಅಮೆರಿಕ ಮುಟ್ಟಿತು.

ಕೇರಳಕ್ಕೆ ಈ ಪಂಥ ಬಂದದ್ದು ಬೇರೆ ದಾರಿಯಿಂದ. 1913ರಲ್ಲಿ ನಮ್ಮ ಬೆಂಗಳೂರಿಗೆ ಬಂದಿಳಿದ ಅಮೆರಿಕದ ರಾಬರ್ಟ್ ಕುಕ್ ಮುಂದೆ ತಿರುವಾಂಕೂರಿಗೆ ಬಂದು ಚೆಂಗನ್ನೂರಿನ ಬಳಿ ಮುಳಕ್ಕುಳದಲ್ಲಿ ನೆಲೆಸಿದರು. ಮೇರಿ ಚಾಪ್‌ಮನ್ ಎಂಬ ವಯಸ್ಸಾದ ಮಹಿಳೆ 1920ರ ದಶಕದಲ್ಲಿ ತಿರುವನಂತಪುರದಲ್ಲಿ ಅಸೆಂಬ್ಲೀಸ್ ಆಫ್ ಗಾಡ್ ಕೆಲಸಕ್ಕೆ ತಳಪಾಯ ಹಾಕಿ 1927ರಲ್ಲಿ ತೀರಿಕೊಂಡರು. ಅದೇ ವರ್ಷ ಮಾವೇಲಿಕ್ಕರದಲ್ಲಿ ಅವರ ಬೈಬಲ್ ಶಾಲೆ ತೆರೆಯಿತು. ಪಾಸ್ಟರ್ ಕೆ.ಇ. ಅಬ್ರಹಾಂ ವಿದೇಶಿಯರ ಹಿಡಿತದಿಂದ ಹೊರಬಂದು ಇಂಡಿಯಾ ಪೆಂತೆಕೋಸ್ತ್ ಸಭೆಯನ್ನು ಬೆಳೆಸಿದರು, ಅದರ ಕೇಂದ್ರ ಇಂದಿಗೂ ಕುಂಬನಾಡು. ಈ ಸಭೆಗಳಲ್ಲಿ ಪೀಠದ ಮೇಲೆ ನಿಲ್ಲುವ ಪಾಸ್ಟರುಗಳು ಹೆಚ್ಚುಕಡಿಮೆ ಎಲ್ಲರೂ ಗಂಡಸರೇ. ಆದರೆ ಇತಿಹಾಸದ ಬುಡಕ್ಕೆ ಹೋದರೆ ಕಾಣುವುದು ಹೆಣ್ಣುಮಕ್ಕಳ ಮಲಗುವ ಕೋಣೆ ಮತ್ತು ಒಂದು ಬಕೆಟ್ ನೀರು. ಇದನ್ನು ಚೇಚಿಗೆ ಹೇಳಿದೆ. ಅವರು ನಕ್ಕು, ಇಂದಿಗೂ ಪ್ರಾರ್ಥನೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹೆಂಗಸರೇ ಇರುವುದು ಎಂದು ಪಾತ್ರೆ ತೊಳೆಯುವುದನ್ನು ಮುಂದುವರಿಸಿದರು.

ರಮಾಬಾಯಿಯ ಕೊನೆಯ ವರ್ಷಗಳು ಒಂದೇ ಕೆಲಸದಲ್ಲಿ ಕಳೆದವು. ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನು ಮೂಲದಿಂದ ಮರಾಠಿಗೆ ತಂದರು. ಭಾಗವತ ಬಾಯಿಪಾಠವಿದ್ದ ಪಂಡಿತೆ ಸಂಸ್ಕೃತದ ಭಾರೀ ಪದಗಳನ್ನು ಬಿಟ್ಟು, ಹಳ್ಳಿಯ ಹೆಂಗಸಿಗೆ ತಿಳಿಯುವ ಮರಾಠಿಯನ್ನೇ ಬಳಸಿದರು. ನಡುವೆ 1913ರ ಹೊತ್ತಿಗೆ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ ಒಂದು ಶಾಲೆ ತೆರೆದರು, ಮನೋರಮಾ ಅದರ ಹೊಣೆ ಹೊತ್ತರು. ಹುಟ್ಟಿದ ನಾಡಿನ ಋಣ ಅಷ್ಟಾದರೂ ತೀರಿತು. 1919ರಲ್ಲಿ ಸರಕಾರ ಕೈಸರ್-ಎ-ಹಿಂದ್ ಪದಕ ಕೊಟ್ಟಿತು. 1921ರ ಜುಲೈಯಲ್ಲಿ, ಎಲ್ಲವನ್ನೂ ವಹಿಸಿಕೊಡಬೇಕೆಂದಿದ್ದ ಮಗಳೇ ತೀರಿಹೋದಳು. ಕಿವಿ ಪೂರ್ತಿ ಕೇಳದಾಗಿದ್ದ ತಾಯಿ ಪ್ರೂಫ್ ತಿದ್ದುವುದನ್ನು ನಿಲ್ಲಿಸಲಿಲ್ಲ. 1922ರ ಏಪ್ರಿಲ್ 5ರಂದು ಅವರೂ ಹೋದರು. 1989ರಲ್ಲಿ ಅಂಚೆ ಇಲಾಖೆ ಅವರ ಚಿತ್ರದ ಅಂಚೆಚೀಟಿ ತಂದಿತು. ಶುಕ್ರಗ್ರಹದ ಒಂದು ಕುಳಿಗೆ ಅವರ ನೆನಪಿಗೆ ಮೇಧಾವಿ ಎಂದು ಹೆಸರಿಟ್ಟಿದ್ದಾರೆ. ಕೇಡಗಾಂವಿನ ಮುಕ್ತಿ ಇಂದಿಗೂ ನಡೆಯುತ್ತಿದೆ.

ಇನ್ನು ನಮ್ಮ ಅಜ್ಜಿಯ ವಿಷಯ. ಅವರು ನನ್ನ ಅಜ್ಜನ ಅಕ್ಕ. ಹನ್ನೊಂದನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡು ತಲೆ ಬೋಳಿಸಿಕೊಂಡು ಮಾಳದ ತವರಿಗೆ ವಾಪಸು ಬಂದವರು. ಲೆಕ್ಕ ಹಾಕಿದರೆ ಅದು ಮುಕ್ತಿಯಲ್ಲಿ ಆ ಪ್ರಾರ್ಥನೆ ನಡೆಯುತ್ತಿದ್ದ ವರ್ಷಗಳೇ. ಅಲ್ಲಿ ಅಷ್ಟೇ ವಯಸ್ಸಿನ ಹುಡುಗಿಯರು ಅಚ್ಚಿನ ಮೊಳೆ ಜೋಡಿಸುತ್ತಿದ್ದಾಗ ಇಲ್ಲಿ ನಮ್ಮ ಅಜ್ಜಿ ಮಡಿಬಟ್ಟೆ ಒಣಹಾಕುತ್ತಿದ್ದರು. ನೂರಾರು ಹಾಡು ಬಾಯಿಗೆ ಬರುತ್ತಿತ್ತು, ಅಕ್ಷರ ಒಂದೂ ಗೊತ್ತಿರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಒಂದು ಮಧ್ಯಾಹ್ನ ನನ್ನ ಸ್ಲೇಟು ತೋರಿಸಿ, ಇದರಲ್ಲಿ ನನ್ನ ಹೆಸರು ಬರಿ ಅಂದರು. ಬರೆದುಕೊಟ್ಟೆ. ಬಹಳ ಹೊತ್ತು ನೋಡಿದರು. ಅಂಗಳದಲ್ಲಿ ಯಾರೋ ಬಂದ ಸದ್ದಾಯಿತು. ಸೆರಗಿನಿಂದ ಗಬಕ್ಕನೆ ಒರೆಸಿಬಿಟ್ಟು ಒಳಗೆ ಹೋದರು. ಎಂಬತ್ತರ ಹತ್ತಿರದ ಹೆಂಗಸಿಗೆ ತನ್ನ ಹೆಸರು ನೋಡುವುದಕ್ಕೂ ಭಯ.

ಅವರು ಕೇಡಗಾಂವಿಗೆ ಹೋಗಿದ್ದರೆ? ನಮ್ಮವರು ಘಟಶ್ರಾದ್ಧ ಮಾಡಿ ಕೈತೊಳೆದುಕೊಳ್ಳುತ್ತಿದ್ದರು, ಆಕೆಯ ದೇವರೂ ಬದಲಾಗುತ್ತಿದ್ದನೇನೋ. ನಾನು ನಮ್ಮ ದೇವರಕೋಣೆಯಲ್ಲಿ ದೀಪ ಹಚ್ಚುವವಳೇ, ಅದನ್ನು ಬಿಡುವ ಯೋಚನೆ ನನಗಿಲ್ಲ. ಆದರೆ ಆ ಹನ್ನೊಂದರ ಹುಡುಗಿಗೆ ಬೇಕಾಗಿದ್ದ ಸ್ಲೇಟನ್ನು ನಮ್ಮ ಮನೆ ಕೊಡಲಿಲ್ಲ ಎಂಬುದು ಸತ್ಯ. ಕೊಡುವವರು ಒಬ್ಬರಿದ್ದರು, ನಮ್ಮದೇ ಊರಿನ ಮೂಲದವರು, ನಮ್ಮ ಮನೆಯಲ್ಲಿ ಅವರ ಹೆಸರೆತ್ತುವಂತಿರಲಿಲ್ಲ.

ಕಳೆದ ಮೇ ತಿಂಗಳಲ್ಲಿ ಊರಿಗೆ ಹೋದಾಗ ತಮ್ಮನ ಮಗಳಿಗೆ ರಮಾಬಾಯಿಯ ಕಥೆ ಪೂರ್ತಿ ಹೇಳಿದೆ. ಪಕ್ಕದಲ್ಲಿ ಕೂತಿದ್ದ ಹಿರಿಯರು ಈ ಸಲ ಮಾತು ಬದಲಿಸಲಿಲ್ಲ, ಕೇಳಿಸಿಕೊಂಡರು. ಹುಡುಗಿ ಆಮೇಲೆ ಆ ಅಜ್ಜಿಯ ಹೆಸರೇನು ಎಂದು ಕೇಳಿದಳು. ಅವಳ ನೋಟ್‌ಬುಕ್ಕಿನಲ್ಲಿ ಪೆನ್ನಿನಿಂದಲೇ ಬರೆದುಕೊಟ್ಟೆ.

ನಿಮ್ಮ ನಿಮ್ಮ ಮನೆಗಳಲ್ಲೂ ಇಂಥ ಅಜ್ಜಿಯರಿದ್ದಿರಬಹುದು. ಮುಂದಿನ ಸಂಚಿಕೆಗೆ ಅವರ ಬಗ್ಗೆ ಬರೆದು ಕಳಿಸಿ.